ತಪಸ್ಸುಕಾಲ ಮತ್ತು ನಮ್ಮ ಪಾಡು: ಮನಸ್ಸು ಕುಗ್ಗಿರುವಾಗ ಈ 40 ದಿನ ಯೇಸುವಿನ ಜೊತೆ ಕೂರೋದು ಹೇಗೆ

ಚರ್ಚಲ್ಲಿ ಫಾದರ್ "ಪಾಡು, ಮರಣ, ಪುನರುತ್ಥಾನ" ಅಂತ ಒಂದೇ ಉಸಿರಲ್ಲಿ ಹೇಳ್ಬಿಡ್ತಾರೆ, ನಾವೂ ಚಿಕ್ಕಂದಿನಿಂದ ಕೇಳಿ ಕೇಳಿ ಆ ಮೂರೂ ಸೇರಿ ಒಂದೇ ಪದ ಅನ್ನೋ ಹಾಗಾಗಿದೆ. ಆದ್ರೆ ಪಾಡು ಅಂದ್ರೆ ಏನು ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀರಾ? ಮನೇಲಿ "ಪಡಬಾರದ ಪಾಡು ಪಟ್ಟೆ" ಅಂತೀವಲ್ಲ, "ನಾಯಿಪಾಡು" ಅಂತೀವಲ್ಲ, ಅದೇ ಪದ ಅದು. ಬಿಲ್ ಕೌಂಟರ್ ಮುಂದೆ ನಿಂತೋರ ಪಾಡು, ಕೆಲಸ ಹೋದೋರ ಪಾಡು, ಯೇಸುಸ್ವಾಮಿಯ ಪಾಡು. ಪದ ಒಂದೇ ಇಟ್ಕೊಂಡು ಒಂದನ್ನ ಮನೇಲಿ, ಇನ್ನೊಂದನ್ನ ಚರ್ಚಲ್ಲಿ ಬಿಟ್ಟು ಬರ್ತೀವಿ.

ನಂಗೆ ಇದು ಹೊಳೆದಿದ್ದು ತುಂಬಾ ತಡವಾಗಿ. ತಪಸ್ಸುಕಾಲ ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸ ಪ್ರಾರ್ಥನೆಯ 40 ದಿನ, ಅದು ಶುರುವಾಗೋದು ಬೂದಿ ಬುಧವಾರದಿಂದ; ಅಪ್ಪಂಗೆ ಸ್ಟ್ರೋಕ್ ಆಗಿದ್ದು ಆ ಬುಧವಾರಕ್ಕೆ ನಾಲ್ಕು ದಿನ ಮುಂಚೆ, ಬಲಗಡೆ ಕೈಕಾಲು ಬಿದ್ದೋಯ್ತು, ಮಾತು ಹೋಯ್ತು. ಆ ವರ್ಷ ನಾನು ಹಣೆಗೆ ಬೂದಿ ಇಟ್ಕೊಳ್ಳಕ್ಕೂ ಹೋಗ್ಲಿಲ್ಲ, ಮಣ್ಣಿಂದ ಬಂದವನು ಮಣ್ಣಿಗೇ ಹೋಗ್ತೀಯ ಅಂತ ಯಾರೂ ನಂಗೆ ನೆನಪಿಸೋ ಅಗತ್ಯ ಇರಲಿಲ್ಲ, ಐಸಿಯು ಬಾಗಿಲಿನ ಗಾಜಲ್ಲಿ ದಿನಾ ಕಾಣ್ತಿತ್ತು. ಒಂದು ಭಾನುವಾರ ಹೇಗೋ ಪೂಜೆಗೆ ಹೋದ್ರೆ ಪ್ರಸಂಗದಲ್ಲಿ "ನಿಮ್ಮ ಪಾಪಕ್ಕಾಗಿ ಯೇಸು ಎಷ್ಟು ನರಳಿದ್ರು, ನೀವೇನು ಮಾಡಿದ್ರಿ" ಅಂತ. ಅಯ್ಯೋ ದೇವ್ರೇ, ಆಸ್ಪತ್ರೆ ಸಾಲ ಒಂದು ಕಡೆ, ಇಲ್ಲಿ ಇನ್ನೊಂದು ಸಾಲ ತಲೆ ಮೇಲೆ, ಅಂತ ಅನ್ಸಿ ಅರ್ಧಕ್ಕೇ ಎದ್ದು ಬಂದೆ.

ಹಾಗೆ ಎದ್ದು ಬಂದೋರು ಇನ್ನೂ ಇದ್ದಾರೆ ಅಂತ ಗೊತ್ತು, ಅವರಿಗೋಸ್ಕರ ಇದು. ನಾನು ಗುರು ಅಲ್ಲ, ದೈವಶಾಸ್ತ್ರ ಓದಿಲ್ಲ, ಆಮೇಲಿನ ವರ್ಷಗಳಲ್ಲಿ ನಂಗೆ ಏನು ಕೆಲಸ ಮಾಡ್ತು ಅನ್ನೋದನ್ನ ಮಾಡಿದ ಕ್ರಮದಲ್ಲೇ ಹೇಳ್ತೀನಿ. ನೀವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್ ಸಭೆ) ಆಗಿರಿ ಕ್ಯಾಥೊಲಿಕ್ ಆಗಿರಿ, ಹೆಸರುಗಳು ಸ್ವಲ್ಪ ಆಚೆ ಈಚೆ ಆಗ್ಬೋದು, ನಾವು ಕ್ಯಾಥೊಲಿಕರು ಯೊವಾನ್ನ ಅಂತೀವಿ, ಸಿ.ಎಸ್.ಐ.ನೋರು ಯೋಹಾನ ಅಂತಾರೆ, ಅಷ್ಟೇ.

1. ಮೊದ್ಲು ಸಾಲದ ಲೆಕ್ಕ ಪಕ್ಕಕ್ಕಿಡಿ

ಯೇಸು ನಮಗೋಸ್ಕರ ಸತ್ತರು ಅನ್ನೋದು ನಮ್ಮ ನಂಬಿಕೆಯ ಬುಡ, ಅದನ್ನ ಬಿಡಿ ಅಂತ ನಾನು ಹೇಳ್ತಿಲ್ಲ. ಆದ್ರೆ ಮನಸ್ಸು ಮುರಿದಿರೋ ಟೈಮಲ್ಲಿ ಆ ಒಂದೇ ಬಾಗಿಲಿಂದ ಒಳಗೆ ಹೋಗ್ಬೇಕು ಅಂತೇನಿಲ್ಲ, ಇನ್ನೊಂದು ಬಾಗಿಲಿದೆ. 451ರಲ್ಲಿ ಕಾಲ್ಸಿಡಾನ್ ಅನ್ನೋ ಊರಲ್ಲಿ ಬಿಷಪ್‌ಗಳೆಲ್ಲ ಸೇರಿ ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಅಂತ ಗಟ್ಟಿ ಮಾಡಿದ್ರು. ಅದಕ್ಕೂ ಬಹಳ ಮುಂಚೆನೇ ಕೆಲವರು, ದೇವರಿಗೆಲ್ಲಿ ನೋವು, ಆ ದೇಹ ಬರೀ ತೋರಿಕೆ, ನರಳಿದ ಹಾಗೆ ಕಾಣ್ತು ಅಷ್ಟೇ ಅಂತಿದ್ರು, ಸಭೆ ಅದನ್ನ ಒಪ್ಪಲೇ ಇಲ್ಲ. ಬಾಯಲ್ಲಿ ನಾವೂ ಒಪ್ಪಲ್ಲ, ಆದ್ರೆ ಮನಸ್ಸಲ್ಲಿ? ಯೇಸು ಹಸಿದ್ರು ಅಂತ ಓದಿದಾಗ "ಅವರಿಗೇನು ಬಿಡಪ್ಪಾ, ದೇವರಲ್ವಾ" ಅಂತ ಅನ್ಸುತ್ತಲ್ಲ, ಅಲ್ಲೇ ನಾವೂ ಆ ತೋರಿಕೆ ಪಾರ್ಟಿಗೆ ಸೇರ್ಕೊಂಡ್ವಿ.

ಹಾಗಾಗಿ ಈ ವರ್ಷದ ಮಟ್ಟಿಗೆ "ನಾನು ಅವರಿಗೆ ಏನು ಕೊಡ್ಬೇಕು" ಅನ್ನೋ ಪ್ರಶ್ನೆ ಬಿಡಿ. "ಇವರಿಗೆ ನನ್ನ ಪಾಡು ಗೊತ್ತಾ?" ಅಂತ ಮಾತ್ರ ಕೇಳ್ಕೊಳ್ಳಿ. ಹಿಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ನಮ್ಮ ಬಲಹೀನತೆ ನೋಡಿ ಮರುಗಕ್ಕೆ ಆಗದೇ ಇರೋ ಯಾಜಕ ಅಲ್ಲ ಇವರು ಅನ್ನೋ ಮಾತಿದೆ, 5ನೇ ಅಧ್ಯಾಯದಲ್ಲಂತೂ ಜೋರಾಗಿ ಕೂಗಿ ಕಣ್ಣೀರು ಹಾಕಿ ಬೇಡಿಕೊಂಡ್ರು ಅಂತಲೇ ಇದೆ. ಜೋರಾಗಿ ಕೂಗಿ. ನಮ್ಮ ಫೋಟೋ ಫ್ರೇಮಿನ ಯೇಸು ಯಾವತ್ತಾದ್ರೂ ಕೂಗಿದ್ದು ನೋಡಿದೀರಾ?

2. ಒಂದು ಪೆನ್ಸಿಲ್, ಮಾರ್ಕನ ಶುಭಸಂದೇಶ

ಯೇಸುವಿನ ಬದುಕು ಹೇಳೋ ಬೈಬಲ್ಲಿನ ನಾಲ್ಕು ಶುಭಸಂದೇಶಗಳಲ್ಲಿ ಚಿಕ್ಕದು ಮಾರ್ಕ, 16 ಅಧ್ಯಾಯ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದ ಪವಿತ್ರ ಶನಿವಾರದವರೆಗೆ ಎಣಿಸಿದ್ರೆ 46 ದಿನ ಇರತ್ತೆ, ಆರು ಭಾನುವಾರ ತೆಗೆದ್ರೆ 40, ಭಾನುವಾರ ಉಪವಾಸದ ಲೆಕ್ಕಕ್ಕೆ ಬರಲ್ಲ. ಮೊದಲ 13 ಅಧ್ಯಾಯನ ನಿಧಾನಕ್ಕೆ ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದವರೆಗೆ ಓದಿ, 14 ಮತ್ತು 15 ಅಲ್ಲಿಂದ ಶುರುವಾಗೋ ಪವಿತ್ರ ವಾರಕ್ಕೆ ಎತ್ತಿಡಿ, 16 ಈಸ್ಟರ್‌ಗೆ. ದಿನಕ್ಕೆ ಹದಿನಾಲ್ಕು ಸಾಲು ಆದ್ರೂ ಸಾಕು, ಒಂದಿನ ತಪ್ಪಿದ್ರೆ ಮಾರನೇ ದಿನ ಡಬಲ್ ಓದಕ್ಕೆ ಹೋಗ್ಬೇಡಿ, ಇದು ಇಎಂಐ ಅಲ್ಲ.

ಪೆನ್ಸಿಲ್ ಯಾಕೆ ಅಂದ್ರೆ, ಎಲ್ಲೆಲ್ಲಿ ಯೇಸುವಿನ ಮೈ, ಸುಸ್ತು, ಹಸಿವು, ಸಿಟ್ಟು, ಬೇಜಾರು ಕಾಣುತ್ತೋ ಅಲ್ಲಿ ಗೆರೆ ಎಳೀರಿ. ಪವಾಡ, ಬೋಧನೆ ಎಲ್ಲ ಹಾಗೇ ದಾಟ್ಕೊಂಡು ಹೋಗಿ ಈ ಸಲ. ಎಷ್ಟು ಸಿಗುತ್ತೆ ನೋಡಿ: 3ನೇ ಅಧ್ಯಾಯದಲ್ಲಿ ಊಟ ಮಾಡಕ್ಕೂ ಪುರುಸೊತ್ತಿಲ್ಲ, ಮನೆಯೋರು ಇವನಿಗೆ ತಲೆ ಕೆಟ್ಟಿದೆ ಅಂತ ಹಿಡ್ಕೊಂಡು ಹೋಗಕ್ಕೆ ಬರ್ತಾರೆ. 4ರಲ್ಲಿ ಬಿರುಗಾಳಿ ನಡುವೆ ದೋಣಿ ಹಿಂಬದಿಲಿ ತಲೆದಿಂಬಿನ ಮೇಲೆ ನಿದ್ದೆ, ಆ ತಲೆದಿಂಬು ಮಾರ್ಕನಲ್ಲಿ ಮಾತ್ರ ಇದೆ, ನಂಗೆ ಆ ತಲೆದಿಂಬು ಅಂದ್ರೆ ತುಂಬಾ ಇಷ್ಟ. 6ರಲ್ಲಿ ಸ್ವಂತ ಊರವರೇ "ಇವನು ಆ ಬಡಗಿ ಅಲ್ವಾ" ಅಂತ ಮೂಗು ಮುರೀತಾರೆ. 8ರಲ್ಲಿ ಒಂದು ಉದ್ದ ನಿಟ್ಟುಸಿರು ಇದೆ, 11ರಲ್ಲಿ ಹಸಿವಾಗಿ ಅಂಜೂರದ ಮರದ ಹತ್ರ ಹೋದ್ರೆ ಬರೀ ಎಲೆ.

ಯೊವಾನ್ನನ ಶುಭಸಂದೇಶದಿಂದ ಎರಡು ಸೇರಿಸ್ಕೊಳ್ಳಿ. 4ನೇ ಅಧ್ಯಾಯ, ಸಮಾರಿಯದ ಸುಖಾರ್ ಊರಿನ ಬಾವಿ ಕಟ್ಟೆ, ಮಟಮಟ ಮಧ್ಯಾಹ್ನ, ನಡೆದು ನಡೆದು ಸುಸ್ತಾಗಿ ಕೂತಿದ್ದಾರೆ, ಸೇದಕ್ಕೆ ಹಗ್ಗ ಬಿಂದಿಗೆ ಏನೂ ಇಲ್ಲ, ಬಂದ ಹೆಂಗಸಿನ ಹತ್ರ ನೀರು ಕೇಳ್ತಾರೆ. 11ನೇ ಅಧ್ಯಾಯ, ಬೆಥಾನಿಯದಲ್ಲಿ ಲಾಸರ ಸತ್ತು ನಾಲ್ಕು ದಿನ ಆಗಿದೆ, ಅವನ ಸೋದರಿ ಮರಿಯ ಅಳೋದು ನೋಡಿ ಇವರೂ ಅತ್ತುಬಿಡ್ತಾರೆ. ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅಳ್ತಾರೆ ಅನ್ನೋದನ್ನ ಗಮನಿಸಿ. ಸಾವಿನ ಮನೇಲಿ ಬಂದು "ಅಳ್ಬೇಡಿ, ದೇವರ ಹತ್ರ ಹೋಗಿದ್ದಾರೆ" ಅಂತ ಬಾಯಿ ಮುಚ್ಚಿಸೋ ನಮ್ಮ ನೆಂಟರಿಗೆ ಈ ಭಾಗ ಪ್ರಿಂಟ್ ತೆಗೆದು ಕೊಡ್ಬೇಕು. ಈ ಎರಡೂ ಕಥೆ ತಪಸ್ಸುಕಾಲದ ಮೂರನೇ ಮತ್ತು ಐದನೇ ಭಾನುವಾರ ಪೂಜೆಯಲ್ಲೇ ಓದ್ತಾರೆ, ಎಲ್ಲಾ ವರ್ಷ ಅಲ್ಲ, ಮೂರು ವರ್ಷಕ್ಕೊಮ್ಮೆ ಬರೋ ಎ ವರ್ಷದ ಪಾಠಗಳಲ್ಲಿ.

ವಾರದ ಕೊನೇಲಿ ಗೆರೆ ಎಳೆದ ಜಾಗ ತಿರುವಿ ನೋಡಿ, ಯಾವುದೋ ಒಂದು ನಿಮ್ದು ಅನ್ಸುತ್ತೆ. ಆಫೀಸಲ್ಲಿ ಮೂಲೆಗೆ ಹಾಕಿರೋರಿಗೆ ಊರವರ ಮೂಗು ಮುರಿಯೋದು, ಚಿಕ್ಕ ಮಗು ಇಟ್ಕೊಂಡು ರಾತ್ರಿ ನಿದ್ದೆ ಇಲ್ದೋರಿಗೆ ಆ ತಲೆದಿಂಬು. ಅದೊಂದನ್ನೇ ಇಟ್ಕೊಂಡು ಮುಂದಿನ ಹೆಜ್ಜೆಗೆ ಹೋಗಿ.

3. ಹದಿನೈದು ನಿಮಿಷ ಆ ಜಾಗದಲ್ಲಿ ಹೋಗಿ ಕೂತ್ಕೊಳ್ಳಿ

ಇದು ನಾನು ಕಂಡುಹಿಡಿದಿದ್ದಲ್ಲ, 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ಹೇಳಿಕೊಟ್ಟ ದಾರಿ. ಅವರು ಸೈನಿಕ, 1521ರಲ್ಲಿ ಪಾಂಪ್ಲೋನಾ ಕೋಟೆ ಕಾಳಗದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಪುಡಿಯಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ರು, ಅಲ್ಲಿಂದ್ಲೇ ಅವರ ಬದುಕು ತಿರುಗಿದ್ದು. ಶುಭಸಂದೇಶದ ಒಂದು ಘಟನೆ ತಗೊಂಡು, ಕಣ್ಣು ಮುಚ್ಚಿ, ಅಲ್ಲಿ ನೀವೂ ಇದ್ದೀರ ಅನ್ಕೊಂಡು ನೋಡ್ಬೇಕು, ಕೇಳಿಸ್ಕೊಬೇಕು, ವಾಸನೆ ಕೂಡ. ಮೊಬೈಲ್ ಸೈಲೆಂಟ್‌ಗೆ ಹಾಕಿ ಬೇರೆ ರೂಮಲ್ಲಿಡಿ. ಒಂದು ಮೇಣದಬತ್ತಿ ಹಚ್ಚಿದ್ರೆ ಒಳ್ಳೇದು, ಹಚ್ಚದಿದ್ರೂ ನಡೆಯುತ್ತೆ. ಏನೂ ಅನ್ಸದೇ ಹೋದ್ರೆ ಸುಮ್ನೆ ಕೂತು ಎದ್ದು ಬನ್ನಿ, ನಂಗೆ ಎಷ್ಟೋ ದಿನ ಕುಕ್ಕರ್ ವಿಶಲ್ ಬಿಟ್ರೆ ಬೇರೇನೂ ಕೇಳಿಸಿಲ್ಲ.

ಒಂದು ಸಲ ಮಾತ್ರ ಸರಿಯಾಗಿ ಕೇಳಿಸ್ತು, ಅದನ್ನ ಹೇಳ್ತೀನಿ, ಗೆತ್ಸೆಮನಿ ತೋಟದ್ದು. ಗೆತ್ಸೆಮನಿ ಅಂದ್ರೆ ಎಣ್ಣೆ ಗಾಣ ಅಂತ ಅರ್ಥ, ಓಲಿವ್ ಕಾಯಿ ಹಾಕಿ ಹಿಂಡೋ ಜಾಗ. ಸಾಯೋ ಹಿಂದಿನ ರಾತ್ರಿ ಯೇಸು ಮೂವರು ಶಿಷ್ಯರನ್ನ, ಪೇತ್ರ ಯಕೋಬ ಯೊವಾನ್ನ, ಜೊತೆಗೆ ಕರ್ಕೊಂಡು ಹೋಗ್ತಾರೆ. ಪ್ರಾಣ ಹೋಗೋವಷ್ಟು ದುಃಖ ಆಗ್ತಿದೆ, ಇಲ್ಲೇ ಇರಿ, ಎಚ್ಚರವಾಗಿರಿ ಅಂತಾರೆ. ಇಷ್ಟೇ ಕೇಳಿದ್ದು, ನನ್ನ ಬದಲು ಸಾಯಿ ಅಂತಲ್ಲ, ಹೋಗಿ ಜಗಳ ಆಡು ಅಂತಲ್ಲ, ಸುಮ್ನೆ ಎಚ್ಚರ ಇರು ಅಂತ. ಆಮೇಲೆ ಸ್ವಲ್ಪ ದೂರ ಹೋಗಿ ನೆಲದ ಮೇಲೆ ಬೀಳ್ತಾರೆ, "ಅಪ್ಪಾ, ನಿನ್ನ ಕೈಲಿ ಎಲ್ಲ ಆಗುತ್ತೆ, ಈ ಪಾತ್ರೆ ನನ್ನಿಂದ ತೆಗಿ" ಅನ್ನೋ ಅರ್ಥದಲ್ಲಿ ಬೇಡ್ಕೊತಾರೆ, ಪಾತ್ರೆ ಅಂದ್ರೆ ಮುಂದಿರೋ ನೋವು. ಎದ್ದು ಬಂದು ನೋಡಿದ್ರೆ ಮೂವರೂ ಗೊರಕೆ. ಪೇತ್ರ ಅಂತ ತಾವೇ ಹೆಸರಿಟ್ಟಿದ್ರಲ್ಲ, ಅವತ್ತು ಆ ಹೆಸರು ಕರೆಯಲ್ಲ, "ಸಿಮೋನಾ, ಮಲಗಿದ್ಯಾ?" ಅಂತಾರೆ, ಹಳೇ ಹೆಸರು. ಹೀಗೆ ಮೂರು ಸಲ ಹೋಗಿ ಬರ್ತಾರೆ, ಮೂರು ಸಲವೂ ಇವರು ನಿದ್ದೆ.

ನಂಗೆ ಅಪ್ಪನ ಆಸ್ಪತ್ರೆ ಕಾರಿಡಾರ್ ನೆನಪಾಯ್ತು. ರಾತ್ರಿ ಎರಡೂವರೆ, ನರ್ಸ್ ಬಂದು ಬಿಪಿ ಏರ್ತಿದೆ, ಡಾಕ್ಟರನ್ನ ಕರೆಸ್ತಿದೀವಿ, ಮನೆಯೋರು ರೆಡಿ ಇರಿ ಅಂದ್ರು. ಹೊರಗೆ ಬಂದು ನೋಡಿದ್ರೆ ಸ್ಟೀಲ್ ಬೆಂಚಿನ ಮೇಲೆ ನನ್ನ ತಮ್ಮ ಬಾಯಿ ತೆರ್ಕೊಂಡು ನಿದ್ದೆ, ಚಪ್ಪಲಿ ಒಂದು ಕಾಲಲ್ಲಿ, ಒಂದು ನೆಲದಲ್ಲಿ. ಅವತ್ತು ಅವನ ಮೇಲೆ ಬಂದ ಕೋಪ ವರ್ಷದವರೆಗೂ ಹೋಗಿರಲಿಲ್ಲ, ಎಬ್ಬಿಸದೇ ಒಬ್ನೇ ಒಳಗೆ ಹೋದೆ. ಮುಂದಿನ ತಪಸ್ಸುಕಾಲದಲ್ಲಿ ಈ ಭಾಗ ಹಿಡ್ಕೊಂಡು ಕೂತಾಗ ಮೊದಲು ಅನ್ಸಿದ್ದು, ಓ ಇವರಿಗೂ ಹೀಗೇ ಆಗಿದೆ, ಮೂರು ಸಲ ಆಗಿದೆ. ಆಮೇಲೆ ಲೂಕನಲ್ಲಿ ಅದೇ ಘಟನೆ ತೆಗೆದು ನೋಡಿದೆ, 22ನೇ ಅಧ್ಯಾಯ, ಅವರು ದುಃಖದಿಂದ ನಿದ್ದೆ ಹೋಗಿದ್ರು ಅಂತಿದೆ. ಸೋಮಾರಿತನದಿಂದ ಅಲ್ಲ, ದುಃಖದಿಂದ. ಒಂದು ವರ್ಷ ಆದ್ಮೇಲೆ ತಮ್ಮಂಗೆ ಫೋನ್ ಮಾಡಿದೆ, ಏನೂ ದೊಡ್ಡದಾಗಿ ಮಾತಾಡ್ಲಿಲ್ಲ, ಊಟ ಆಯ್ತಾ ಅಂದೆ.

4. ದೇವರನ್ನ ಬೈಯೋದಿದ್ರೆ ಬೈಯಿರಿ, ಅದಕ್ಕೂ ಪಾಠ ಇದೆ

ಶಿಲುಬೆ ಮೇಲೆ "ನನ್ನ ದೇವರೇ, ನನ್ನ ದೇವರೇ, ಯಾಕೆ ಕೈಬಿಟ್ಟೆ" ಅಂತ ಕೂಗಿದ್ದು ಅವರೇ ಅಲ್ಲೇ ಹುಟ್ಟಿಸಿದ ಸಾಲಲ್ಲ, ಅದು ಬೈಬಲ್ಲಿನ ಹಳೇ ಒಡಂಬಡಿಕೆಯ 22ನೇ ಕೀರ್ತನೆಯ ಮೊದಲ ಸಾಲು. ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆ ಕಷ್ಟದಲ್ಲಿ ತಾನಾಗೇ ಬಾಯಿಗೆ ಬರುತ್ತಲ್ಲ ಹಾಗೆ. ಆ ಕೀರ್ತನೆ ಪೂರ್ತಿ ಒಂದ್ಸಲ ಜೋರಾಗಿ ಓದಿ, ನಾನು ಹುಳ, ಮನುಷ್ಯನೇ ಅಲ್ಲ ಅನ್ನೋದು, ಮೂಳೆ ಎಲ್ಲ ಕೀಲು ತಪ್ಪಿದೆ ಅನ್ನೋದು, ನಾಲಿಗೆ ಅಂಗುಳಕ್ಕೆ ಅಂಟಿದೆ ಅನ್ನೋದು, ಒಂದೊಂದೂ ಮೈಗೆ ತಾಗುತ್ತೆ. ಕೊನೆಗೆ ಸ್ತುತಿಗೆ ತಿರುಗುತ್ತೆ ನಿಜ, ಆದ್ರೆ ನಿಮಗೆ ಇವತ್ತು ಅಲ್ಲಿವರೆಗೆ ಹೋಗಕ್ಕೆ ಆಗ್ಲಿಲ್ಲ ಅಂದ್ರೆ ಅರ್ಧದಲ್ಲೇ ನಿಲ್ಸಿ, ಯಾರೂ ಮಾರ್ಕ್ಸ್ ಕಡಿಮೆ ಮಾಡಲ್ಲ.

ಆಮೇಲೆ ಒಂದು ಹಳೇ ನೋಟ್ ಬುಕ್ಕಲ್ಲಿ ನಿಮ್ಮದೇ ನಾಲ್ಕು ಸಾಲು ಬರೀರಿ. ಮೊದಲ ಸಾಲು ದೇವರನ್ನ ಕರೆಯೋದು, ಎರಡನೇದು ಏನಾಗಿದೆ ಅಂತ, ಇಲ್ಲಿ ಸುತ್ತಿ ಬಳಸ್ಬೇಡಿ, "ಸ್ವಲ್ಪ ಕಷ್ಟ ಇದೆ" ಅನ್ನೋ ಬದಲು "ಬಡ್ಡಿ ಕಟ್ಟಕ್ಕೆ ಚೈನ್ ಮಾರಿದೆ" ಅಂತ ಬರೀರಿ. ಮೂರನೇದು ಏನು ಬೇಕು. ನಾಲ್ಕನೇದು ಬಂದ್ರೆ ನಂಬಿಕೆಯ ಮಾತು, ಬರದಿದ್ರೆ ಖಾಲಿ ಬಿಡಿ. ನನ್ನ ಪುಸ್ತಕದಲ್ಲಿ ನಾಲ್ಕನೇ ಸಾಲು ಖಾಲಿ ಇರೋ ಪುಟಗಳೇ ಜಾಸ್ತಿ.

5. ಶಿಲುಬೆ ಹಾದಿಯಲ್ಲಿ ಒಂದೇ ಸ್ಥಳ ಹಿಡ್ಕೊಳ್ಳಿ

ತಪಸ್ಸುಕಾಲದ ಶುಕ್ರವಾರ ಶುಕ್ರವಾರ ಚರ್ಚಲ್ಲಿ 14 ಸ್ಥಳದ ಶಿಲುಬೆ ಹಾದಿ ಇರತ್ತೆ, ಯೇಸುವಿನ ಕೊನೆ ಪಯಣದ 14 ಘಟನೆಗಳ ಮುಂದೆ ಒಂದೊಂದಾಗಿ ನಿಂತು ಮಾಡೋ ಪ್ರಾರ್ಥನೆ, ಮಂಡಿ ಊರಿ ಎದ್ದು ಮಂಡಿ ಊರಿ ಎದ್ದು ಐದನೇ ಸ್ಥಳಕ್ಕೆ ಬರೋಷ್ಟರಲ್ಲಿ ನನ್ನ ಗಮನ ಎಲ್ಲೋ ಹೋಗಿರುತ್ತೆ, ಎದುರಿನ ಆಂಟಿ ಸೀರೆ ಬಾರ್ಡರ್ ನೋಡ್ತಾ ನಿಂತಿರ್ತೀನಿ. ಅದಕ್ಕೆ ಮನೇಲೇ ಒಂದು ನಿರ್ಧಾರ ಮಾಡ್ಕೊಂಡು ಹೋಗಿ, ಈ ವಾರ ಇಂಥ ಸ್ಥಳ ಮಾತ್ರ ನಂದು, ಮಿಕ್ಕಿದ್ದರಲ್ಲಿ ಸುಮ್ನೆ ಜನರ ಜೊತೆ ದನಿ ಸೇರ್ಸಿದ್ರೆ ಸಾಕು. ಯೇಸು ಮೂರು ಸಲ ಬೀಳೋದು, ವೆರೋನಿಕಾ ಮುಖ ಒರೆಸೋದು, ಇವು ಬೈಬಲ್ಲಲ್ಲಿ ಇಲ್ಲ, ಜನರ ಭಕ್ತಿಯಿಂದ ಬಂದಿದ್ದು. ಇಲ್ಲ ಅಂತ ಗೊತ್ತಾದ್ಮೇಲೆ ನಂಗೆ ಅವು ಇನ್ನೂ ಹತ್ರ ಆದ್ವು, ಯಾರೋ ಬಿದ್ದು ಎದ್ದು ಮತ್ತೆ ಬಿದ್ದಿರೋರೇ ಆ ಮೂರನೇ ಬೀಳೋದನ್ನ ಸೇರಿಸಿರ್ಬೇಕು.

ಐದನೇ ಸ್ಥಳ, ಸಿರೇನ್ಯದ ಸಿಮೋನ, ಇದು ಬೈಬಲ್ಲಲ್ಲೇ ಇದೆ. ಹಳ್ಳಿ ಕಡೆಯಿಂದ ತನ್ನ ಪಾಡಿಗೆ ತಾನು ಬರ್ತಿದ್ದ, ಸೈನಿಕರು ಹಿಡಿದು ಬಲವಂತವಾಗಿ ಶಿಲುಬೆ ಹೊರಿಸಿದ್ರು. ಅಲೆಕ್ಸಾಂಡರ್ ಮತ್ತು ರೂಫ ಅನ್ನೋರ ಅಪ್ಪ ಅಂತ ಮಾರ್ಕ ಮಕ್ಕಳ ಹೆಸರೂ ಹೇಳ್ತಾನೆ, ಓದೋರಿಗೆ ಆ ಮಕ್ಕಳ ಗುರುತಿತ್ತು ಅನ್ನೋ ಹಾಗೆ. ಮನೇಲಿ ಹಾಸಿಗೆ ಹಿಡಿದೋರನ್ನ ನೋಡ್ಕೊಳ್ಳೋರೆಲ್ಲ ಸಿಮೋನರೇ, ಯಾರೂ ಇಷ್ಟಪಟ್ಟು ಅರ್ಜಿ ಹಾಕಿರಲ್ಲ. ಬಲವಂತಕ್ಕೆ ಹೊತ್ತೋನು ಅಂತ ಅವನ ಹೆಸರೇನೂ ಪುಸ್ತಕದಿಂದ ಬಿಟ್ಟುಹೋಗಿಲ್ಲ. ಇನ್ನೊಂದು, ಹೊರಕ್ಕೆ ಆಗದಾಗ ಯೇಸುವಿನ ಶಿಲುಬೆಗೂ ಇನ್ನೊಬ್ಬರ ಹೆಗಲು ಬೇಕಾಯ್ತು, ಹಾಗಿದ್ಮೇಲೆ ನೀವು ಪಕ್ಕದ ಮನೆಯೋರನ್ನ "ಒಂದು ಗಂಟೆ ಕೂತಿರ್ತೀರಾ, ಸ್ನಾನ ಮಾಡ್ಕೊಂಡು ಬರ್ತೀನಿ" ಅಂತ ಕೇಳೋದ್ರಲ್ಲಿ ನಾಚಿಕೆ ಏನಿದೆ?

ಚಿತ್ರ ನೋಡಿ ಧ್ಯಾನ ಮಾಡೋರಿಗೆ ಒಂದು ಸಲಹೆ. ನಮ್ಮ ಕ್ಯಾಲೆಂಡರ್ ಯೇಸು ಬಿಟ್ಟು, ಫ್ರಾನ್ಸಿನ ಕೊಲ್ಮಾರ್ ಊರಿನ ಮ್ಯೂಸಿಯಂನಲ್ಲಿರೋ ಐಸೆನ್‌ಹೈಮ್ ಬಲಿಪೀಠದ ಚಿತ್ರನ ಮೊಬೈಲಲ್ಲಿ ಹುಡುಕಿ ನೋಡಿ, ಗ್ರೂನೆವಾಲ್ಡ್ ಅನ್ನೋ ಕಲಾವಿದ ಹೆಚ್ಚುಕಮ್ಮಿ 1512ರಿಂದ 1516ರ ಒಳಗೆ ಮಾಡಿದ್ದು. ಮೊದಲ ಸಲ ನೋಡಿದ್ರೆ ಹೆದರಿಕೆ ಆಗುತ್ತೆ, ಬೆರಳುಗಳು ಸೆಟೆದ್ಕೊಂಡಿವೆ, ತುಟಿ ನೀಲಿ, ಮೈ ತುಂಬಾ ಹುಣ್ಣು. ಹುಣ್ಣು ಯಾಕೆ ಅಂದ್ರೆ, ಆ ಮಠದ ಸನ್ಯಾಸಿಗಳು ನೋಡ್ಕೊತಿದ್ದ ರೋಗಿಗಳಿಗೆ ಬೂಷ್ಟು ಹಿಡಿದ ರೈ ಧಾನ್ಯ ತಿಂದು ಮೈ ಉರಿದು ಕೈಕಾಲು ಕೊಳೆಯೋ ಕಾಯಿಲೆ ಇತ್ತು. ಆ ರೋಗಿಗಳು ತಲೆ ಎತ್ತಿ ನೋಡಿದ್ರೆ ಶಿಲುಬೆ ಮೇಲೆ ಇರೋನಿಗೂ ತಮ್ಮ ಥರದ್ದೇ ಚರ್ಮ. ದುರ್ಬಲ ಮನಸ್ಸಿನ ದಿನ ನೋಡ್ಬೇಡಿ ಅಂತ ಮಾತ್ರ ಹೇಳ್ತೀನಿ. ಚಿತ್ರ ಬೇಡ ನಾಟಕ ಆಗ್ಬೋದು ಅನ್ನೋರು ಕನಕಪುರ ಕಡೆ ಹಾರೋಬೆಲೆಗೆ ಹೋಗ್ಬೋದು, ಗುಡ್ ಫ್ರೈಡೆ ಸಮಯಕ್ಕೆ ಊರವರೇ ಸೇರಿ ಯೇಸುವಿನ ಪಾಡಿನ ನಾಟಕ ಆಡ್ತಾರೆ.

6. ಉಪವಾಸದ ವಿಷಯ, ಬೇಗ ಹೇಳಿ ಮುಗಿಸ್ತೀನಿ

ಕ್ಯಾಥೊಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಅದೂ 18ರಿಂದ 59 ವಯಸ್ಸಿನೋರಿಗೆ. ಒಂದು ಪೂರ್ತಿ ಊಟ, ಮಿಕ್ಕ ಎರಡು ಹೊತ್ತು ಸ್ವಲ್ಪ ಸ್ವಲ್ಪ. ಕಾಯಿಲೆ ಇರೋರು, ಬಸುರಿ ಬಾಣಂತಿಯರು, ಶುಗರ್ ಮಾತ್ರೆ ಇನ್ಸುಲಿನ್ ತಗೊಳ್ಳೋರು ಮಾಡ್ಬೇಕಾಗಿಲ್ಲ, ಮಾಡ್ಲೂಬಾರದು. ಈಗಾಗಲೇ ಬದುಕೇ ನಿಮ್ಮಿಂದ ನಿದ್ದೆ, ಊಟ, ದುಡ್ಡು ಕಿತ್ಕೊಂಡಿದ್ರೆ ಇನ್ನೂ ಏನು ಬಿಡಲಿ ಅಂತ ಹುಡುಕ್ಕೊಂಡು ಹೋಗ್ಬೇಡಿ, ಈ ವರ್ಷ ಆಗಿರೋದೇ ಸಾಕು ಅಂತ ದೇವರ ಮುಂದೆ ಹೇಳಿ ಗಂಜಿ ಉಪ್ಪಿನಕಾಯಿ ಹೊಟ್ಟೆ ತುಂಬಾ ಉಣ್ಣಿ.

7. ಇದನ್ನ ತಪ್ಪಾಗಿ ಬಳಸೋರ ಹತ್ರ ಹುಷಾರು

ಇದೊಂದು ಹೇಳ್ದೇ ಇದ್ರೆ ಮನಸ್ಸು ಒಪ್ಪಲ್ಲ. "ಯೇಸು ಸಹಿಸ್ಕೊಂಡ್ರು, ನೀನೂ ಸಹಿಸ್ಕೋ, ಇದು ನಿನ್ನ ಶಿಲುಬೆ" ಅಂತ ಗಂಡನ ಕೈಲಿ ಹೊಡೆಸ್ಕೊಂಡು ಬಂದ ಹೆಣ್ಣುಮಗಳಿಗೆ ಹೇಳೋದನ್ನ ನಾನು ಕಿವಿಯಾರೆ ಕೇಳಿದೀನಿ. ಶುಭಸಂದೇಶ ತೆಗೆದು ನೋಡಿ. ನಜರೇತಿನವರು ಬೆಟ್ಟದ ಅಂಚಿಂದ ತಳ್ಳಕ್ಕೆ ಬಂದಾಗ ಯೇಸು ಅವರ ನಡುವಿಂದ ದಾಟಿ ಹೊರಟೋದ್ರು. ಕಲ್ಲು ಎತ್ತಿದಾಗ ಮರೆಯಾಗಿ ದೇವಾಲಯದಿಂದ ಆಚೆ ಹೋದ್ರು. ಮಹಾಯಾಜಕನ ಮುಂದೆ ಕಾವಲುಗಾರ ಕೆನ್ನೆಗೆ ಹೊಡೆದಾಗ ತಪ್ಪಾಗಿ ಮಾತಾಡಿದ್ರೆ ತೋರ್ಸು, ಇಲ್ಲಾಂದ್ರೆ ಯಾಕೆ ಹೊಡೀತೀಯ ಅಂತ ಕೇಳಿದ್ರು, ಯೊವಾನ್ನ 18ರಲ್ಲಿದೆ. ಪಾತ್ರೆ ತೆಗಿ ಅಂತ ಬೇಡಿಕೊಂಡಿದ್ದಂತೂ ಮೂರು ಸಲ. ನೋವು ತಪ್ಪಿಸ್ಕೊಳ್ಳೋ ದಾರಿ ಇದ್ರೆ ತಪ್ಪಿಸ್ಕೊಳ್ಳಿ.

ಮನಸ್ಸಿನ ಕತ್ತಲೆ ವಾರಗಟ್ಟಲೆ ಇದ್ದು, ಬದುಕೋದೇ ಬೇಡ ಅನ್ಸ್ತಿದ್ರೆ, ಜಪಸರದ ಜೊತೆಗೆ ಡಾಕ್ಟರೂ ಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡು ಕೊಡ್ಬೇಕಾಗಿಲ್ಲ. ಯೇಸುವೇ ಆ ರಾತ್ರಿ ಒಬ್ಬರೇ ಇರಕ್ಕೆ ಇಷ್ಟಪಡ್ಲಿಲ್ಲ, ನೀವು ಯಾಕೆ ಒಬ್ಬರೇ ಇರ್ಬೇಕು.

8. ಪವಿತ್ರ ವಾರ, ಮೂರು ದಿನ ಮೂರು ಕೆಲಸ

ಗುರುವಾರ ಸಂಜೆ ಪಾದ ತೊಳೆಯೋ ಪೂಜೆ ಆದ್ಮೇಲೆ ಪರಮಪ್ರಸಾದನ, ಅಂದ್ರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿನ, ಬೇರೆ ಪೀಠಕ್ಕೆ ತಗೊಂಡು ಹೋಗಿ ಇಡ್ತಾರೆ, ನಡುರಾತ್ರಿವರೆಗೆ ಜನ ಬಂದು ಕೂತಿರ್ತಾರೆ. ಜನ ಕಮ್ಮಿಯಾದ್ಮೇಲೆ, ಹತ್ತು ಗಂಟೆ ದಾಟಿದ ಮೇಲೆ ಹೋಗಿ. ಪುಸ್ತಕ ಬೇಡ. ಒಂದು ಗಂಟೆ ಎಚ್ಚರ ಇರಕ್ಕಾಗ್ಲಿಲ್ವಾ ಅಂತ ಕೇಳಿದ್ರಲ್ಲ, ಆ ಒಂದು ಗಂಟೆ ಅದು. ತೂಕಡಿಸಿದ್ರೆ ತೂಕಡಿಸಿ, ಮೂವರು ಸಂತರೇ ತೂಕಡಿಸಿದ್ದಾರೆ. ಯಾರಿಗಾದ್ರೂ ಮೋಸ ಮಾಡಿದೀನಿ, ಬೇಕಾದಾಗ ಜೊತೆ ನಿಲ್ಲಲಿಲ್ಲ ಅನ್ನೋ ಕೊರಗು ಇರೋರು ಅವತ್ತು ಪೇತ್ರನ ಕಥೆ ಹಿಡ್ಕೊಳ್ಳಿ, ಯೊವಾನ್ನ 18ರಲ್ಲಿ ಇದ್ದಿಲ ಬೆಂಕಿ ಕಾಯಿಸ್ತಾ ನಾನು ಯೇಸುವಿನ ಶಿಷ್ಯ ಅಲ್ಲ ಅಂತಾನೆ, 21ರಲ್ಲಿ ಯೇಸು ಕೆರೆ ದಂಡೆ ಮೇಲೆ ಮತ್ತೆ ಇದ್ದಿಲ ಬೆಂಕಿ ಹಾಕಿ ಮೀನು ಸುಟ್ಟು ಬಾ ತಿಂಡಿ ತಿನ್ನು ಅಂತಾರೆ. ಇದ್ದಿಲ ಬೆಂಕಿಗೆ ಇರೋ ಆ ಗ್ರೀಕ್ ಪದ ಹೊಸ ಒಡಂಬಡಿಕೆ ಪೂರ್ತಿಲಿ ಈ ಎರಡು ಕಡೆ ಬಿಟ್ರೆ ಇನ್ನೆಲ್ಲೂ ಇಲ್ಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಚರ್ಚ್ ಇರತ್ತೆ, ಸಿ.ಎಸ್.ಐ. ಕಡೆ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆ ಮೇಲಿಂದ ಆಡಿದ ಏಳು ಮಾತುಗಳ ಧ್ಯಾನ. ಏಳರಲ್ಲಿ ಒಂದು, "ನನಗೆ ಬಾಯಾರಿಕೆ". ನಾನು ಆ ಒಂದಕ್ಕಾಗೇ ಹೋಗ್ತೀನಿ.

ಯಾಕಂದ್ರೆ ಅಪ್ಪ ಐಸಿಯುಲಿ ಇದ್ದ ಎರಡನೇ ದಿನ, ಮಾತು ಇಲ್ಲ, ಎಡಗೈ ಹೆಬ್ಬೆರಳನ್ನ ಬಾಯಿ ಕಡೆ ತೋರಿಸ್ತಾ ಇದ್ರು, ಬಸ್ ನಿಲ್ದಾಣದಲ್ಲಿ ದೂರದಿಂದ ನೀರು ಕೇಳ್ತೀವಲ್ಲ ಹಾಗೆ. ನರ್ಸ್ ಖಡಾಖಂಡಿತವಾಗಿ ಹೇಳಿದ್ರು, ನುಂಗೋದು ಚೆಕ್ ಮಾಡೋವರೆಗೆ ಒಂದು ಹನಿನೂ ಕೊಡಂಗಿಲ್ಲ, ನೀರು ಶ್ವಾಸಕೋಶಕ್ಕೆ ಇಳಿಯುತ್ತೆ. ಅವರು ಹೇಳಿದ್ದು ಸರಿನೇ. ಅಪ್ಪಂಗೆ ಅದು ಹೇಗೆ ಅರ್ಥ ಆಗ್ಬೇಕು, ಮಗ ನೀರು ಕೊಡ್ತಿಲ್ಲ ಅಂತಷ್ಟೇ ಕಾಣ್ತಿತ್ತು, ಆ ಕಣ್ಣು ನೋಡಕ್ಕಾಗ್ತಿರಲಿಲ್ಲ. ಕೊನೆಗೆ ಆ ನರ್ಸೇ ಒಂದು ಚೂರು ಗಾಜ್ ಬಟ್ಟೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಕೈಗೆ ಕೊಟ್ಟು, ತುಟಿ ಒರೆಸಿ ಸಾಕು ಅಂದ್ರು. ಒಣಗಿ ಬಿಳಿ ಪೊರೆ ಎದ್ದಿದ್ದ ತುಟಿ, ಮೆಲ್ಲಗೆ ಒರೆಸಿದೆ, ಅಪ್ಪ ಆ ಬಟ್ಟೆನ ತುಟಿಯಲ್ಲೇ ಹಿಡ್ಕೊಂಡು ಬಿಡ್ಲಿಲ್ಲ. ಯಾರೋ ಒಬ್ಬ ಹುಳಿ ದ್ರಾಕ್ಷಾರಸದಲ್ಲಿ ಸ್ಪಂಜು ಅದ್ದಿ ಕೋಲಿಗೆ ಸಿಕ್ಕಿಸಿ ಯೇಸುವಿನ ತುಟಿಗೆ ಹಿಡಿದ ಅಂತ ವರ್ಷಾ ವರ್ಷ ಕೇಳಿದ್ದೆ, ಅದು ಸೈನಿಕರು ದಿನಾ ಕುಡೀತಿದ್ದ ಅಗ್ಗದ ಪಾನೀಯ, ಪಕ್ಕದಲ್ಲಿ ಪಾತ್ರೆಲಿ ಇತ್ತು. ಅಪ್ಪ ಹೋಗಿ ಈಗ ಕೆಲವು ವರ್ಷ ಆಯ್ತು. ಶುಕ್ರವಾರ ಆ ಸಾಲು ಬಂದಾಗ ಬೆರಳಲ್ಲಿ ಇನ್ನೂ ಆ ಒದ್ದೆ ಬಟ್ಟೆ ಇದ್ದ ಹಾಗೇ ಅನ್ಸುತ್ತೆ, ಶಿಲುಬೆ ಮುತ್ತಿಡಕ್ಕೆ ಕ್ಯೂ ನಿಂತಾಗ ನಾನು ಪಾದ ಮುಟ್ಟಿ, ಆಮೇಲೆ ಒಂದು ಬೆರಳಿಂದ ಆ ಮರದ ತುಟಿ ಮುಟ್ಟಿ ಬರ್ತೀನಿ. ಹಿಂದೆ ನಿಂತೋರಿಗೆ ಲೇಟಾಗುತ್ತೆ, ಆಗ್ಲಿ.

ನೀವೂ ಏಳು ಮಾತಲ್ಲಿ ನಿಮ್ಮದು ಯಾವುದು ನೋಡ್ಕೊಳ್ಳಿ. ಅಮ್ಮನ್ನ ಯಾರು ನೋಡ್ಕೊತಾರೆ ಅನ್ನೋ ಚಿಂತೆ ಇರೋರಿಗೆ ಅದಕ್ಕೂ ಒಂದು ಮಾತಿದೆ ಅಲ್ಲಿ.

ಶನಿವಾರ ಹಗಲು ಏನೂ ಮಾಡ್ಬೇಡಿ. ಚರ್ಚಲ್ಲೂ ಏನೂ ಇಲ್ಲ, ಪೀಠ ಬೋಳು, ಪ್ರಸಾದದ ಪೆಟ್ಟಿಗೆ ಬಾಗಿಲು ತೆರೆದು ಖಾಲಿ, ಗಂಟೆನೂ ಹೊಡೆಯಲ್ಲ. ಸಾವಾದ ಮಾರನೇ ದಿನದ ಮನೆ ಹೇಗಿರತ್ತೋ ಹಾಗೆ. ಬಟ್ಟೆ ಒಗೆಯೋದಿದ್ರೆ ಒಗೀರಿ, ಮಲಗೋದಿದ್ರೆ ಮಲಗಿ. ರಾತ್ರಿ ಜಾಗರಣೆಗೆ ಹೋಗೋ ಶಕ್ತಿ ಇದ್ರೆ ಮೇಣದಬತ್ತಿ ಮನೆಯಿಂದ್ಲೇ ತಗೊಂಡು ಹೋಗಿ, ಪೇಪರ್ ಲೋಟದ ತಳ ತೂತು ಮಾಡಿ ಅದಕ್ಕೆ ಸಿಕ್ಕಿಸ್ಕೊಳ್ಳಿ, ಇಲ್ಲಾಂದ್ರೆ ಮೇಣ ಕೈಮೇಲೆ ಸುರಿಯುತ್ತೆ, ಗಾಳಿಗೆ ಆರಿಹೋದ್ರೆ ಪಕ್ಕದೋರ ಹತ್ರ ಹಚ್ಕೊಳ್ಳಿ.